ಹಳೆ ಗೋವೆಯ ನೀರು

ತಾಮ್ರದ ತಂಬಿಗೆಗೆ ಹುಣಸೆಹುಳಿ ಹಚ್ಚಿ ಉಜ್ಜುವಾಗ ಏಳುವ ಒಗರು ವಾಸನೆ ಮೂಗಿಗೆ ಬಂದರೆ ಈಗಲೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕೂತು ಮಾಡುತ್ತಿದ್ದದ್ದು ಅದೇ ಕೆಲಸ. ನವರಾತ್ರಿ ಮುಗಿದಿತ್ತು. ಮಳೆ ಹಿಂದೆ ಸರಿದಿದ್ದರೂ ಹೊನ್ನಾವರದ ಗಾಳಿಯಲ್ಲಿ ಹಸಿ ಇನ್ನೂ ಆರಿರಲಿಲ್ಲ. ಸರಿಯಾಗಿ ಬೆಳಕು ಹರಿಯುವ ಮೊದಲೇ ಕುತ್ತಿಗೆಯ ಹಿಂದೆ ಬೆವರು. ಒಳಗೆ ಇಡ್ಲಿ ಬೇಯುವ ಅಟ್ಟ ಉಗಿ ಬಿಡುತ್ತಿತ್ತು. ಬೆಕ್ಕು ಹಾಲಿನ ಪಾತ್ರೆಗೆ ಕಾದು ಹೊಸ್ತಿಲಲ್ಲಿ ಕೂತಿತ್ತು. ಎಲ್ಲ ದಿನಗಳ ಹಾಗೇ ಒಂದು ದಿನ.

ಮಾಯಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಹಿತ್ತಿಲಿನಿಂದ ಕೊಯ್ದು ತಂದ ಕೇಪಳ ಹೂವನ್ನು ಬಾಳೆಎಲೆಯಲ್ಲಿ ಮಡಚುತ್ತಿದ್ದರು. ಅತ್ತೆಯನ್ನು ನಮ್ಮ ಮನೆಯಲ್ಲಿ ಮಾಯಿ ಎನ್ನುವುದು. ಮನೆಯ ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಹೂವಿನ ಕೆಲಸ ಮುಗಿಸಿ ಅವರು ದಿನದಂತೆ ಸ್ಟೀಲಿನ ಕರಡಿಗೆ ತೆರೆದು, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು, ತುಳಸಿಕಟ್ಟೆಯ ಕಡೆ ಮುಖ ಮಾಡಿ ನುಂಗಿದರು. ನಾನು ಇಡ್ಲಿಯ ತಟ್ಟೆ ತಂದು ಮುಂದಿಟ್ಟೆ. ತಟ್ಟೆ ನೋಡಿದ ಮೇಲೆಯೇ ಅವರಿಗೆ ನೆನಪಾದದ್ದು.

"ಅಯ್ಯೋ, ಇವತ್ತು ದೇವರ ಮುಖ ನೋಡದೆ ತಿನ್ನೂದು ಹ್ಯಾಂಗೆ?"

"ಮಾತ್ರೆ ನುಂಗಿ ಆಯ್ತಲ್ಲ ಮಾಯಿ!"

"ಕೈಗೆ ಅಭ್ಯಾಸ, ನುಂಗಿತು. ಇನ್ನೆಂತ ಅದನ್ನ ವಾಪಸ್ ತೆಗೆಯೂಕೆ ಬರ್ತದಾ? ಕಟ್ಟಿಕೋ. ಅಲ್ಲಿ ಹೋಗಿ ತಿನ್ನುವಾ."

ಕುಲದೇವರ ದರ್ಶನಕ್ಕೆ ಬರಿಹೊಟ್ಟೆಯಲ್ಲಿ ಹೋಗುವುದು ನಮ್ಮವರ ಪದ್ಧತಿ. ಮಾತ್ರೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಡಬಾರದು ಎನ್ನುವುದು ಡಾಕ್ಟರರ ಮಾತು. ಮಾತ್ರೆ ನುಂಗಿಯೂ ಹೊಟ್ಟೆ ಖಾಲಿ ಬಿಟ್ಟ ಮಾಯಿಯ ಹತ್ತಿರ ವಾದ ಮಾಡುವ ತ್ರಾಣ ಆ ದಿನ ನನಗಿರಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಒಂದು ಮಾತು ಕೂತಿತ್ತು.

ಗಣಪತಿ ಹಬ್ಬದ ಮರುದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ, ಕಂಕುಳಿಗೆ ಹತ್ತಿರ, ನೆನೆಸಿದ ಕಡಲೆಕಾಳಿನಷ್ಟು ಒಂದು ಗಂಟು ಕೈಗೆ ಸಿಕ್ಕಿತ್ತು. ಒತ್ತಿದರೆ ನೋವಿಲ್ಲ. ನೋವಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಕುಮಟೆಯಲ್ಲಿ ನನ್ನ ಅಮ್ಮನಿಗೂ ಮೊದಲು ನೋವಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಹೋದಳು. ಈ ಗಂಟು ತೋರಿಸಲು ಇವರ ಜೊತೆ ಉಡುಪಿಯ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿ ತುಣುಕು ತೆಗೆಸಿಕೊಂಡು ಬಂದಿದ್ದೆ. ಮಾಯಿಗೆ ಹೇಳಿದ್ದು ಕಣ್ಣು ತೋರಿಸಲು ಹೋಗಿದ್ದು ಎಂದು. ಮಾವನವರು ತೀರಿಕೊಂಡ ಮೇಲೆಯೇ ಅವರಿಗೆ ಸಕ್ಕರೆ ಕಾಯಿಲೆ ಶುರುವಾದದ್ದು; ಇನ್ನೊಂದು ಚಿಂತೆ ಹೊರಿಸುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಧಾರವಾಡದ ಹಾಸ್ಟೆಲಿನಲ್ಲಿದ್ದ ಮಗಳಿಗೂ ಹೇಳಿರಲಿಲ್ಲ.

ವರದಿ ಬರುವ ದಿನ ಇವರೊಬ್ಬರೇ ಹೋಗಿ ತರುವುದು ಎಂದಾಗಿತ್ತು. ಮಾಯಿಯ ಮುಂದೆ ಅದು ಉಡುಪಿಯಲ್ಲಿ ಬ್ಯಾಂಕಿನ ಕೆಲಸ. ಊಟಕ್ಕೆ ಕೂತಾಗ ಆ ಮಾತು ಬಂದದ್ದೇ ಮಾಯಿ ಸಾರು ಕಲಸುತ್ತ ಹೇಳಿಬಿಟ್ಟರು: "ಅವನು ಅತ್ಲಾಗೆ ಹೋಗುವ ದಿನ ನಾವು ಇತ್ಲಾಗೆ ಗೋವೆಗೆ ಹೋಗಿ ಬರುವಾ. ದೇವರ ಹತ್ರ ಪ್ರಸಾದ ಕೇಳೂದು ಇದೆ."

"ಎಂತದ್ದು ಕೇಳೂದು ಅಮ್ಮ?" ಎಂದರು ಇವರು.

"ಸುಮನಳ ಬಾವಿ."

ಸುಮನ ನನ್ನ ನಾದಿನಿ, ಮಾವಳ್ಳಿಯಲ್ಲಿ ಮನೆ. ಅವರ ಬಾವಿಗೆ ಉಪ್ಪುನೀರು ನುಗ್ಗಿ ಹೊಸದನ್ನು ತೋಡುವ ಮಾತು ನಡೆದಿತ್ತು.

"ಇಬ್ಬರೇ ಹೆಂಗಸರು ಅಷ್ಟು ದೂರ..."

"ನಾವೆಂತ ಹಾಲು ಕುಡಿಯುವ ಮಕ್ಕಳಾ? ಬೆಳಗಿನ ರೈಲಿಗೆ ಹೋದ್ರೆ ದೀಪ ಹಚ್ಚೂಕೆ ಮನೆ."

ನನಗೆ ಆ ದಿನ ಮನೆಯಲ್ಲೇ ಒಂದು ಮೂಲೆ ಹಿಡಿದು ಕೂತಿರಬೇಕಿತ್ತು. ಆದರೆ ಹೋಗುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟ ಇವರು ಗೇಟಿನ ಹತ್ತಿರ ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿ, "ಸಿಕ್ಕಿದ ಕೂಡಲೇ ಫೋನ್ ಮಾಡ್ತೇನೆ. ಅಮ್ಮನ ಮುಂದೆ ಮುಖ ಸಣ್ಣ ಮಾಡ್ಕೊಳ್ಬೇಡ," ಎಂದಿದ್ದರು. ಅವರ ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಹಾಕಿಕೊಂಡದ್ದನ್ನು ನೋಡಿದೆ. ಹೇಳಲಿಲ್ಲ. ಹೇಳಿದ್ದರೆ ಇಬ್ಬರಿಗೂ ಅಳು ಬರುತ್ತಿತ್ತು.

ಉಜ್ಜಿ ಹೊಳೆಯುತ್ತಿದ್ದ ತಂಬಿಗೆಗೆ ನಮ್ಮ ಬಾವಿಯ ನೀರು ತುಂಬಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿದೆ. ಅದು ದೇವರ ಅಭಿಷೇಕಕ್ಕೆ, ಕುಡಿಯುವುದಕ್ಕಲ್ಲ. ಇದರ ಹಿಂದಿನ ಕತೆಯನ್ನು ನಾನು ಮದುವೆಯಾಗಿ ಬಂದ ವರ್ಷವೇ ಮಾವನವರು ಹೇಳಿದ್ದರು. ಪೋರ್ಚುಗೀಸರ ಕಾಲದಲ್ಲಿ ನಮ್ಮ ಹಿರಿಯರು ಹಳೆ ಗೋವೆಯಿಂದ ದೇವರನ್ನು ದೋಣಿಯಲ್ಲಿಟ್ಟುಕೊಂಡು ಮಾಂಡವಿ ನದಿ ದಾಟಿದರಂತೆ. ಇನ್ನು ನಮ್ಮ ವಂಶದವರು ಈ ಮಣ್ಣಿನ ಮೇಲೆ ನಿಂತು ಬಾಯಿಗೆ ಏನೂ ಹಾಕುವುದಿಲ್ಲ ಎಂದು ದಡ ಬಿಡುವಾಗ ಹೇಳಿ ಹೋದರಂತೆ. ದೇವರ ಗುಡಿ ಈಗಲೂ ನದಿಯಾಚೆ. ಅಲ್ಲಿಗೆ ಹೋಗಲು ಆ ಊರನ್ನು ದಾಟಲೇಬೇಕು. ದಾಟುವಷ್ಟು ಹೊತ್ತು ಹನಿ ನೀರೂ ಇಲ್ಲ. ಮಾವನವರ ಚಿಕ್ಕಪ್ಪ ಒಬ್ಬರು ಬಿಸಿಲು ತಡೆಯಲಾರದೆ ಅಲ್ಲಿ ಎಳನೀರು ಕುಡಿದು, ಮನೆಗೆ ಬಂದು ಜ್ವರ ಹಿಡಿದು ಏಳಲೇ ಇಲ್ಲ ಎಂದೂ ಹೇಳಿದ್ದರು. ಆ ನಿಯಮ ನಮಗೆ ಎಷ್ಟು ರೂಢಿಯೆಂದರೆ, ಹೋದ ವರ್ಷ ಪಕ್ಕದ ಮನೆಯ ಗಿರಿಜಕ್ಕನ ಸಂಘದವರು ಬಸ್ಸು ಮಾಡಿಕೊಂಡು ಗೋವೆ ನೋಡಲು ಹೋದಾಗ ಮಾಯಿಯೂ ಜೊತೆಗೆ ಹೋಗಿ ಬಂದರೂ, ಆ ಊರಲ್ಲಿ ಏನಾದರೂ ತಿಂದಿರಾ ಎಂದು ಕೇಳಲು ಕೂಡ ನಮಗೆ ಯಾರಿಗೂ ತೋಚಿರಲಿಲ್ಲ.

ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಕಲಿತ ನನಗೆ ಇಂಥ ಕತೆಗಳಲ್ಲಿ ನಂಬಿಕೆ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಹೆದರಿಕೆ ಹೊಕ್ಕ ಮನೆಗೆ ಎಲ್ಲ ನಂಬಿಕೆಗಳೂ ಕರೆಯದೇ ಬಂದು ಕೂರುತ್ತವೆ.

ರೈಲಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಹಳದೀಪುರದ ತೆಂಗಿನ ತೋಟಗಳು ಹಿಂದೆ ಹೋದವು. ಕುಮಟೆ ಸ್ಟೇಷನ್ನಿನಲ್ಲಿ ರೈಲು ನಿಂತಾಗ ನಾನು ಆಚೆ ಬದಿಗೆ ತಿರುಗಿ ಕೂತೆ. ಅಮ್ಮನನ್ನು ಕೊನೆಯ ಸಲ ಆಸ್ಪತ್ರೆಯಿಂದ ತಂದ ಊರು. ಆ ವಾರ ಶಾಲೆಯಲ್ಲಿ ನಾನು ಬೆಂಚಿನ ಮೇಲೆ ನಡುಗುತ್ತ ಕೂತಿದ್ದಾಗ ಸಿಸ್ಟರ್ ಲೂಸಿ ಪಕ್ಕದಲ್ಲಿ ಬಂದು ಕೂತು, "ಹೆದರಿಕೆ ಆದಾಗ ದೊಡ್ಡದನ್ನು ನೋಡಬೇಡ ಮಗು. ಹತ್ತಿರದ ಚಿಕ್ಕ ವಸ್ತು ಒಂದನ್ನು ನೋಡು, ಸರಿಯಾಗಿ ನೋಡು," ಎಂದಿದ್ದರು. ಆಗಿನಿಂದ ನನಗೆ ಅದೇ ಚಾಳಿ. ಆ ದಿನ ಎದುರಿನ ಸೀಟಿನ ಹೆಂಗಸಿನ ಬಳೆಗಳನ್ನು ನೋಡಿದೆ. ಹಸಿರು ಗಾಜಿನ ನಡುವೆ ಒಂದೇ ಒಂದು ಕೆಂಪು. ಕಿಟಕಿಯ ಸರಳಿನ ಮೇಲೆ ತುಕ್ಕು ಎದ್ದ ಜಾಗ ನೋಡಿದೆ. ಮಾಯಿಯ ಹಿಮ್ಮಡಿಯ ಬಿರುಕಿನಲ್ಲಿ ಉಳಿದ ಅರಿಶಿನ ನೋಡಿದೆ.

"ಎಂತ ನೋಡ್ತೆ ಅಷ್ಟು?" ಎಂದರು ಮಾಯಿ.

"ಏನಿಲ್ಲ."

"ಕಣ್ಣು ಸಮಾ ಆಗಲಿಲ್ವಾ ಇನ್ನೂ? ಉಡುಪಿಗೆ ತೋರಿಸಿದ್ದು?"

"ಆಗಿದೆ ಮಾಯಿ. ಸುಮ್ಮನೆ ನೋಡಿದ್ದು."

ಅವರು ತಂಬಿಗೆಯನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದು ಕೂತರು. ಕಾರವಾರ ದಾಟಿ, ಕಾಳಿ ನದಿಯ ಸೇತುವೆ ದಾಟಿ, ಸುರಂಗಗಳು ಶುರುವಾದವು. ಕತ್ತಲೆಗೆ ನುಗ್ಗುವಾಗ ಕಿವಿ ಕಟ್ಟುತ್ತದೆ. ಫೋನಿನ ಗೆರೆಗಳು ಒಂದೊಂದಾಗಿ ಅಳಿಸಿ ಹೋಗುತ್ತವೆ. ಈ ಕತ್ತಲಲ್ಲೇ ಇವರ ಫೋನು ಬಂದು ಹೋದರೆ? ನಾನು ಸುರಂಗದುದ್ದಕ್ಕೂ ಫೋನನ್ನು ಎದೆಗೆ ಒತ್ತಿ ಹಿಡಿದಿದ್ದೆ. ಒತ್ತಿದ್ದು ಆ ಎಡಗಡೆಗೇ ಎಂದು ಗೊತ್ತಾಗಿ ಕೈ ತೆಗೆದೆ. ಬೆಳಕಿಗೆ ಬಂದ ಕೂಡಲೇ ಫೋನು ಟಿಣ್ ಎಂದಿತು. ಗೋವೆಗೆ ಸ್ವಾಗತ ಎಂಬ ಸಂದೇಶ ಅದು. ಗಡಿ ದಾಟಿದ್ದು ನಮಗೆ ಗೊತ್ತಾದದ್ದು ಹಾಗೆ. ಹೊರಗೆ ಅದೇ ಗದ್ದೆ, ಅದೇ ತೆಂಗು, ಅದೇ ಕೆಂಪು ಮಣ್ಣು.

"ಯಾರದ್ದು?" ಮಾಯಿ ಕೇಳಿದರು.

"ಕಂಪೆನಿಯವರದ್ದು."

"ಓ," ಎಂದರು. ತಂಬಿಗೆಯ ಬಾಯಿಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದರು.

ಕರ್ಮಳಿಯಲ್ಲಿ ಇಳಿದು ರಿಕ್ಷಾ ಹಿಡಿದೆವು. ಹಳೆ ಗೋವೆಯ ದೊಡ್ಡ ಇಗರ್ಜಿಗಳನ್ನು ನಾನು ಮೊದಲು ನೋಡಿದ್ದು ಶಾಲೆಯ ಗೋಡೆಯ ಕ್ಯಾಲೆಂಡರಿನಲ್ಲಿ. ಎದುರಿಗೆ ನೋಡಿದರೆ ಅವು ಇನ್ನೂ ದೊಡ್ಡವು. ಹಸಿರು ಹುಲ್ಲಿನ ನಡುವೆ ಬಿಳಿ ಗೋಡೆ, ಕೆಂಪು ಕಲ್ಲು, ಕಪ್ಪು ಪಾಚಿ. ಪ್ರವಾಸಿಗಳು ಟೋಪಿ ಹಾಕಿಕೊಂಡು ಫೋಟೋ ತೆಗೆಯುತ್ತಿದ್ದರು. ಮಾಯಿ ಸೆರಗಿನಿಂದ ಬೆವರು ಒರೆಸಿಕೊಂಡು, "ನಿನ್ನ ಸಿಸ್ಟರ್‌ಗಳ ಊರು. ನೋಡಿಕೋ, ನಿಲ್ಲುವ ಹೊತ್ತಿಲ್ಲ," ಎಂದರು. ಚರ್ಚಿನ ಗಂಟೆ ಬಾರಿಸಿತು. ಬಾಯೊಳಗೆ ನನಗೆ ಬಾಲ್ಯದ ಇಂಗ್ಲಿಷ್ ಪ್ರಾರ್ಥನೆ ತಾನಾಗಿ ಬಂತು. ಅರ್ಧಕ್ಕೆ ನಿಲ್ಲಿಸಿ ಕುಲದೇವರ ಹೆಸರು ಹೇಳಿದೆ. ಯಾರಿಗೆ ಬೇಸರವಾದೀತೋ ಎಂದು ಮತ್ತೆ ಮೊದಲಿನದ್ದನ್ನು ಮುಗಿಸಿದೆ.

ಹಳೆಯ ಕಲ್ಲಿನ ಕಮಾನಿನ ಕೆಳಗೆ ಇಳಿದರೆ ದೋಣಿ ನಿಲ್ಲುವ ಧಕ್ಕೆ, ಧಕ್ಕೆಯಲ್ಲಿ ಫೆರಿ. ಬೈಕು, ಕಾರು, ಮೀನಿನ ಬುಟ್ಟಿ, ಜನ ಎಲ್ಲ ಒಂದೇ ಹಲಗೆಯ ಮೇಲೆ. ಮಳೆಗಾಲದ ಮಣ್ಣು ಹೊತ್ತ ಮಾಂಡವಿ ಚಹದ ಬಣ್ಣಕ್ಕಿತ್ತು. ನಾವು ಶರಾವತಿಯ ಪಕ್ಕದವರು, ನೀರಿಗೆ ಹೆದರುವವರಲ್ಲ. ಆದರೂ ಫೆರಿಯ ಕಬ್ಬಿಣದ ಬಾಗಿಲು ಧಡಾರೆಂದು ಮೇಲೆದ್ದಾಗ ನಾನು ಮಾಯಿಯ ತೋಳು ಹಿಡಿದೆ. ಅವರು ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಹಾಗೇ ಬಿಟ್ಟರು.

ಗುಡಿ ಸಣ್ಣದು. ಭಟ್ಟರಿಗೆ ಮಾಯಿಯ ಪರಿಚಯವಿತ್ತು. ತಂಬಿಗೆಯ ನೀರೆಲ್ಲ ಅಭಿಷೇಕಕ್ಕೆ ಸುರಿದು ಹೋಯಿತು. ಆಮೇಲೆ ಪ್ರಸಾದ ಹಚ್ಚುವುದು. ಕೇಪಳದ ಎಸಳನ್ನು ನೀರಲ್ಲಿ ಅದ್ದಿ ದೇವರ ಕಲ್ಲಿನ ಎರಡು ಭುಜಗಳಿಗೂ ಅಂಟಿಸುತ್ತಾರೆ. ಮನಸ್ಸಿನಲ್ಲಿರುವುದನ್ನು ಕೇಳಬೇಕು. ಬಲಗಡೆಯ ಎಸಳು ಮೊದಲು ಉದುರಿದರೆ ಶುಭ, ಎಡಗಡೆಯದಾದರೆ ಆಗದು.

"ಯಾರ ಹೆಸರಲ್ಲಿ ಕೇಳೂದು?" ಎಂದರು ಭಟ್ಟರು.

ಮಾಯಿ ನನ್ನ ಕಡೆ ತಿರುಗಿ, "ನೀನು ಆ ಕಂಬದ ಹತ್ರ ನಿಲ್ಲು ವೀಣಾ, ಇಲ್ಲಿ ಹೊಗೆ," ಎಂದರು. ಆಮೇಲೆ ಭಟ್ಟರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಸುಮನಳ ಹೆಸರು, ಗೋತ್ರ ಎಂದು ನಾನು ಎಣಿಸಿದೆ.

ಕಂಬಕ್ಕೆ ಒರಗಿ ನಿಂತು ನಾನು ಎಸಳನ್ನೇ ನೋಡಿದೆ. ಕೆಂಪು, ಉಗುರಿನಷ್ಟು. ಅವರು ಬಾವಿಯ ಸಂಗತಿ ಕೇಳುತ್ತಿದ್ದಾರೆ. ಅದೇ ಎಸಳಿಗೆ ನನ್ನದೊಂದನ್ನು ಕದ್ದು ಸೇರಿಸಿದರೆ ದೇವರಿಗೆ ಗೊತ್ತಾಗುವುದೋ ಇಲ್ಲವೋ ಎಂದುಕೊಂಡು, ಸೇರಿಸಿಯೇಬಿಟ್ಟೆ. ಬಲಗಡೆಯದು ಬೀಳಲಿ. ದೀಪದ ಬೆಳಕಿನಲ್ಲಿ ಎಸಳು ಅಲುಗಿದಂತೆ ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ಎಡಗಡೆಯದರ ತುದಿಯಲ್ಲಿ ಒಂದು ಹನಿ ಕೂಡಿ ದಪ್ಪವಾಗುತ್ತ ಬಂತು. ಅದರ ಭಾರಕ್ಕೇ ಅದು ಜಾರಬಹುದು ಎಂದು ಕಂಬವನ್ನು ಬಿಗಿಯಾಗಿ ಹಿಡಿದೆ. ಹನಿ ಮಾತ್ರ ಬಿತ್ತು. ಎರಡೂ ಎಸಳು ಅಂಟಿಕೊಂಡೇ ಇದ್ದವು. ನಮ್ಮ ಹಿಂದೆ ಬಂದವರು ಕೈಮುಗಿದು ಹೋದರು. ಮಾಯಿಯ ತುಟಿ ಸಣ್ಣಗೆ ಅಲುಗುತ್ತಲೇ ಇತ್ತು. ಕೊನೆಗೆ ಭಟ್ಟರು ಗಂಟಲು ಸರಿಮಾಡಿಕೊಂಡು, "ಆರತಿಯ ಹೊತ್ತಾಯ್ತು ಅಮ್ಮ. ಇವತ್ತು ದೇವರು ಮಾತಾಡುವ ಹಾಗೆ ಕಾಣೂದಿಲ್ಲ. ಸಂಜೆವರೆಗೆ ಕೂರುವುದಾದರೆ ಕೂರಿ," ಎಂದರು.

"ಸಂಜೆಗೆ ರೈಲು ಅದೆ," ಎಂದರು ಮಾಯಿ. "ಆತು. ಅವನಿಗೆ ಯಾವಾಗ ಮನಸ್ಸಾಗ್ತದೋ ಆಗ ಹೇಳಲಿ."

ಅವರ ದನಿಯಲ್ಲಿ ಏನೂ ಇರಲಿಲ್ಲ. ನಾನು ಮಾತ್ರ ಕಂಬ ಬಿಡಲಾರದೆ ನಿಂತೆ. ದೇವರು ಬಾಯಿ ಬಿಡದೆ ಇರುವುದು ಎಂದರೆ, ಹೇಳಲು ಮನಸ್ಸಾಗದಂಥದ್ದು ಏನೋ ಇದೆ ಎಂದೇ ಅಲ್ಲವೇ? ಅಮ್ಮನ ಡಾಕ್ಟರರೂ ಹೀಗೇ, ಕೇಳಿದಾಗಲೆಲ್ಲ ಕನ್ನಡಕ ಒರೆಸುತ್ತಿದ್ದರು.

ಊಟದ ಚಾವಡಿಯಲ್ಲಿ ಎಲೆ ಹಾಕಿದರು. "ನೀನು ಕೂತ್ಕೋ, ನಾನು ಇನ್ನೊಂದು ಪ್ರದಕ್ಷಿಣೆ ಹಾಕಿ ಎರಡನೇ ಪಂಕ್ತಿಗೆ ಕೂರ್ತೆ," ಎಂದು ಮಾಯಿ ಒಳಗೆ ಹೋದರು. ನಾನು ಅನ್ನ ಕಲಸುತ್ತ ಮಂಡಿಯ ಮೇಲಿದ್ದ ಫೋನನ್ನೇ ನೋಡುತ್ತಿದ್ದೆ. ಎಲೆ ಎತ್ತಿ ಹೊರಗೆ ಬಂದಾಗ ಮಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಊಟ ಆಗಿದೆ ಎಂದೇ ನಾನು ತಿಳಿದೆ.

ಫೆರಿಯಲ್ಲಿ ವಾಪಸು ಬರುವಾಗ ಅವರು ಕಂಬಿ ಹಿಡಿದು ನಿಂತಿದ್ದರು. ನೆತ್ತಿಯ ಮೇಲೆ ಬಿಸಿಲು. ಹಳೆ ಗೋವೆಯ ಧಕ್ಕೆಗೆ ಇಳಿದು ಕಮಾನಿನ ಕಡೆ ಏರುವಾಗ ಅವರ ಹೆಜ್ಜೆ ಸೊಟ್ಟಗಾಯಿತು. ಮೊದಲು ಕಲ್ಲು ಎಡವಿದರು ಎಂದುಕೊಂಡೆ. ಹಾಗೇ ಕಮಾನಿನ ನೆರಳಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೇಲ್ದುಟಿಯ ಮೇಲೆ ಬೆವರಿನ ಮಣಿಗಳು. ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಕೈ ಹಿಡಿದರೆ ಐಸಿನ ಹಾಗೆ ತಣ್ಣಗೆ, ನಡುಕ.

"ಮಾಯಿ, ಊಟ ಮಾಡಿದ್ರಲ್ಲ?"

"ಯಾರು?" ಎಂದರು.

"ನೀವು. ಗುಡಿಯಲ್ಲಿ ಉಂಡ್ರಾ?"

"ಇಲ್ಲ... ಹಸಿವಿರಲಿಲ್ಲ."

ಬೆಳಗಿನಿಂದ ಆ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿತ್ತು. ಸಕ್ಕರೆ ಇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಬೆವರು, ನಡುಕ, ಮಾತು ತಪ್ಪುವುದು, ಆಮೇಲೆ ಎಚ್ಚರ ತಪ್ಪುವುದು. ಚೀಲದಲ್ಲಿ ಸದಾ ಇಟ್ಟುಕೊಳ್ಳುವ ಬೆಲ್ಲದ ತುಂಡು ತೆಗೆದು ಅವರ ಬಾಯಿಗೆ ಹಿಡಿದೆ. ಅವರು ತುಟಿ ಬಿಗಿದು ಮುಖ ತಿರುಗಿಸಿದರು.

"ಇಲ್ಲಿ ಬೇಡ. ಈ ಮಣ್ಣಿನ ಮೇಲೆ ಬೇಡ."

"ಮಾಯಿ, ಇದು ನಮ್ಮ ಮನೆಯ ಬೆಲ್ಲ!"

"ಬೇಡ ಅಂದೆ."

ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಆದದ್ದಿಲ್ಲ. ಸ್ವಂತ ಗಂಟು ಕೈಗೆ ಸಿಕ್ಕಿದ ದಿನವೂ ಇಲ್ಲ. ಪರ ಊರು, ಜೊತೆಗೆ ಯಾರೂ ಇಲ್ಲ, ಮೊಣಕೈಗೆ ಒರಗಿದ ಅತ್ತೆಯ ತಲೆ ಭಾರವಾಗುತ್ತಿದೆ. ಎಂದೋ ಹೋದ ಹಿರಿಯರ ಮೇಲೆ ಸಿಟ್ಟು ಬಂತು, ನದಿಯ ಮೇಲೆ, ಎಸಳಿನ ಮೇಲೆ, ಬಾವಿಯ ಮೇಲೆ. ಒಂದು ಬಾವಿಗೋಸ್ಕರ ಹೀಗೆ ಉಪವಾಸ ಬೀಳುವುದೇ! ಧಕ್ಕೆಯ ಪಕ್ಕ ಗಾಡಿ ಇಟ್ಟುಕೊಂಡು ಲಿಂಬು ಸೋಡಾ ಮಾರುತ್ತಿದ್ದ ಹೂವಿನ ಫ್ರಾಕಿನ ಹೆಂಗಸು ನಮ್ಮನ್ನು ನೋಡಿ ಓಡಿ ಬಂದಳು. ಸಕ್ಕರೆ ಹಾಕಿ ಬೇಗ ಒಂದು ಲೋಟ ತಾ ಎಂದು ನಾನು ಕೊಂಕಣಿಯಲ್ಲಿ ಕೂಗಿಕೊಂಡೆ. ಅವಳು ಲೋಟ ತಂದಳು. ಮಾಯಿ ಅದನ್ನೂ ಕೈಯಿಂದ ತಳ್ಳಿದರು. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು.

"ಕುಡಿಯಿರಿ ಮಾಯಿ, ನಿಮ್ಮ ಕಾಲಿಗೆ ಬೀಳ್ತೇನೆ. ನಿಮಗೆ ಏನಾದರೂ ಆದರೆ ಇವರಿಗೆ ನಾನು ಏನಂತ ಹೇಳಲಿ?"

ಆಗಲೇ ಫೋನು ಬಡಿದುಕೊಂಡದ್ದು.

ಚೀಲದ ತಳದಲ್ಲಿ, ಖಾಲಿ ತಂಬಿಗೆಗೆ ತಾಗಿ ಅದು ನಡುಗುತ್ತಿತ್ತು. ತಾಮ್ರವೂ ಜೊತೆಗೆ ಗುಂಯ್‌ಗುಡುತ್ತಿತ್ತು. ಬೆಳಗಿನಿಂದ ಕಾದ ಕರೆ. ಒಂದು ಕೈ ಮಾಯಿಯ ಬೆನ್ನಿಗೆ, ಇನ್ನೊಂದರಲ್ಲಿ ಲೋಟ. ನಿಂತು ಹೋಯಿತು. ಮತ್ತೆ ಬಡಿಯಿತು.

ಮಾಯಿ ಕಣ್ಣು ತೆರೆದರು. "ತೆಗೆ."

"ಆಮೇಲೆ ತೆಗೀತೇನೆ. ಮೊದಲು ಇದನ್ನು..."

"ಮೊದಲು ಫೋನು ತೆಗೆ ಅಂದೆ." ಅಷ್ಟು ನಡುಗುವ ಬಾಯಿಯಿಂದ ಅಷ್ಟು ಗಟ್ಟಿ ದನಿ ಹೇಗೆ ಬಂತೋ.

ಸೋಡಾದ ಹೆಂಗಸು ಲೋಟ ಹಿಡಿದುಕೊಂಡಳು. ನಾನು ಫೋನು ತೆಗೆದೆ. ಆ ಕಡೆ ಇವರು ಉಸಿರಾಡುವುದು ಕೇಳಿತು. "ವೀಣಾ, ಬಂತು. ಕೆಟ್ಟದ್ದಲ್ಲ. ಕೇಳಿತಾ? ಸಾದಾ ಗಂಟು, ತೆಗೆದುಬಿಟ್ಟರೆ ಆಯ್ತು ಅಂದ್ರು ಡಾಕ್ಟರ್. ವೀಣಾ? ಕೇಳ್ತಾ ಇದ್ದೀಯಾ?"

"ಕೇಳ್ತಾ ಇದ್ದೇನೆ," ಎಂದೆ. ಮತ್ತೇನು ಹೇಳಿದೆನೋ ನೆನಪಿಲ್ಲ. ಕಮಾನಿನ ಕಲ್ಲಿನ ಸಂದಿಯಲ್ಲಿ ಒಂದು ಸಣ್ಣ ಜರಿಗಿಡ ಚಿಗುರಿತ್ತು. ಅದರ ತುದಿ ಇನ್ನೂ ಸುರುಳಿ ಬಿಚ್ಚಿರಲಿಲ್ಲ. ಅದೊಂದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮಾಯಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವನದ್ದಾ?"

"ಹೌದು. ಉಡುಪಿಯ ಕೆಲಸ ಆಯ್ತಂತೆ."

"ಆತಾ? ಸಮಾ ಆತಾ?"

"ಸಮಾ ಆಯ್ತು ಮಾಯಿ."

"ಹಾಂಗಾರೆ ಕೊಡು," ಎಂದು ಕೈ ಚಾಚಿದರು.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿಗೆ ಕಟಕಟ ತಾಗಿಸಿಕೊಳ್ಳುತ್ತ, ಹಳೆ ಗೋವೆಯ ಮಣ್ಣಿನ ಮೇಲೆ ಕೂತು, ತಳ ಕಾಣುವವರೆಗೆ ಕುಡಿದರು. ಬೆಲ್ಲವನ್ನೂ ತಿಂದರು. ಸ್ವಲ್ಪ ಹೊತ್ತಿಗೆ ಕೈಗೆ ಬಿಸಿ ಬಂತು, ನಡುಕ ಇಳಿಯಿತು. ಬೆಳಿಗ್ಗೆ ಕಟ್ಟಿ ತಂದ ಇಡ್ಲಿಯನ್ನೂ ಅಲ್ಲೇ ಬಿಚ್ಚಿ ಕೊಟ್ಟೆ. ಬೇಡ ಎನ್ನಲಿಲ್ಲ. ಸಕ್ಕರೆ ಇಳಿದಾಗ ಮನುಷ್ಯರಿಗೆ ತಾವು ಎಲ್ಲಿದ್ದೇವೆ, ಏನು ಹೇಳಿದ್ದೇವೆ ಎಂಬುದೇ ಮರೆತು ಹೋಗುತ್ತದೆ ಎಂದು ನಾನು ತಿಳಿದೆ.

ಸಂತೋಷ ಪಡಬೇಕಿತ್ತು ನಾನು. ರೈಲು ಹತ್ತಿ ಕೂತ ಮೇಲೆ ಆಗಿದ್ದು ಬೇರೆಯೇ. ಗಂಟು ಸಾದಾ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ, ಅದೇ ಜಾಗದಲ್ಲಿ, ನನ್ನ ಕೈಯಾರೆ ಮನೆತನದ ಮಾತು ಮುರಿದಿತ್ತು. ಒತ್ತಾಯ ಮಾಡಿದವಳು ನಾನು, ಲೋಟ ತರಿಸಿದವಳು ನಾನು. ಎಳನೀರು ಕುಡಿದ ಚಿಕ್ಕಪ್ಪನ ಜ್ವರ ನೆನಪಾಯಿತು. ದೇವರು ಎಸಳು ಬೀಳಿಸದೆ ಇದ್ದದ್ದು ಇದಕ್ಕೇ ಇರಬೇಕು. ಈಗ ಕೊಟ್ಟದ್ದನ್ನು ನಾಳೆ ವಾಪಸು ಕೇಳಬಹುದು, ನನ್ನಿಂದ ಅಲ್ಲದಿದ್ದರೆ ಮಾಯಿಯಿಂದ. ಸುರಂಗ ಬಂದಾಗಲೆಲ್ಲ ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಅಂಕೋಲೆಯ ಹತ್ತಿರ ಅವರಿಗೆ ಎಚ್ಚರವಾಯಿತು.

"ಎಂತ ಮಾಡ್ತೆ ನನ್ನ ಮೂಗಿಗೆ?"

"ಮಾಯಿ, ನನ್ನಿಂದಾಗಿ ನೀವು ಆ ಊರಲ್ಲಿ ಕುಡಿಯಬೇಕಾಯ್ತು. ಏನೂ ಆಗೂದಿಲ್ಲ ಅಲ್ವಾ?"

ಅವರು ಸೆರಗು ಸರಿಮಾಡಿಕೊಂಡು ಹೊರಗೆ ನೋಡಿದರು. ಗಂಗಾವಳಿಯ ಮೇಲೆ ಹೊತ್ತು ಇಳಿಯುತ್ತಿತ್ತು.

"ಎಂತ ಆಗೂದು? ಉಪ್ಪು ಕಡಿಮೆ ಹಾಕಿದ್ಲು, ಅಷ್ಟೇ."

ಹೀಗೆ ಹೇಳಿ ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡು ನನಗೆ ಇನ್ನಷ್ಟು ಭಯವಾಯಿತು. ಕುಮಟೆ ಬಂತು, ಹೋಯಿತು. ಈ ಸಲ ನಾನು ಸ್ಟೇಷನ್ನನ್ನು ನೋಡಿದೆ. ಅಮ್ಮನಿಗೆ ಹೇಳಿಕೊಳ್ಳುವ ಹಾಗೆ, ಸಾದಾ ಗಂಟು ಅಮ್ಮ ಎಂದು ಮನಸ್ಸಿನಲ್ಲೇ ಹೇಳಿದೆ. ಮಾಯಿ ನನ್ನ ಹೆಗಲಿಗೆ ತಲೆ ಒರಗಿಸಿ ಮತ್ತೆ ನಿದ್ದೆ ಹೋದರು. ಎಂದೂ ಹಾಗೆ ಒರಗಿದವರಲ್ಲ.

ಮನೆಗೆ ಬಂದಾಗ ಕತ್ತಲು ಕವಿಯುತ್ತಿತ್ತು. ಇವರು ಇನ್ನೂ ಬಂದಿರಲಿಲ್ಲ, ಬಸ್ಸು ಭಟ್ಕಳ ಬಿಟ್ಟಿದೆ ಎಂದು ಸಂದೇಶ ಇತ್ತು. ಮಾಯಿ ಕಾಲು ತೊಳೆದು ನೇರ ದೇವರ ಕೋಣೆಗೆ ಹೋದರು. ಬತ್ತಿ ಹೊಸೆಯುತ್ತ ಏನೋ ಗುನುಗುವುದು ಕೇಳುತ್ತಿತ್ತು. ಗಿರಿಜಕ್ಕ ನಮ್ಮ ಅಂಗಳದಲ್ಲಿ ಒಣಹಾಕಿದ್ದ ಮೆಣಸನ್ನು ಬುಟ್ಟಿಯಲ್ಲಿ ತುಂಬಿ ತಂದು ಜಗಲಿಯಲ್ಲಿಟ್ಟರು.

"ಹೋಗ್ಬಂದ್ರಾ? ಎಂತ ತಂಗಿ, ಮುಖ ಹಿಂಗೆ ಬಿಳುಚಿಕೊಂಡದೆ?"

ಯಾರಿಗಾದರೂ ಹೇಳದೆ ಇರಲು ನನಗೆ ಆಗಲಿಲ್ಲ. ದನಿ ತಗ್ಗಿಸಿ, ಮಾಯಿಗೆ ತಲೆ ತಿರುಗಿದ್ದು, ಹಳೆ ಗೋವೆಯ ಧಕ್ಕೆಯಲ್ಲಿ ಕೂತದ್ದು, ಮನೆತನದಲ್ಲಿ ಯಾರೂ ಅಲ್ಲಿ ಹನಿ ನೀರು ಮುಟ್ಟಿದವರಲ್ಲ, ನನ್ನ ಒತ್ತಾಯಕ್ಕೆ ಒಂದು ಲಿಂಬು ಸೋಡಾ ಕುಡಿಯಬೇಕಾಯಿತು, ಇನ್ನು ಏನು ಕಾದಿದೆಯೋ ಎಂದೆಲ್ಲ ಹೇಳಿದೆ. ಗಿರಿಜಕ್ಕ ಬುಟ್ಟಿಯಿಂದ ಬಿದ್ದ ಮೆಣಸನ್ನು ಹೆಕ್ಕಿ ಹೆಕ್ಕಿ ಹಾಕುತ್ತ, ತಲೆ ಎತ್ತದೆಯೇ ನಕ್ಕರು.

"ಒಂದೇ ಸೋಡಾಕ್ಕೆ ಇಷ್ಟು ಹೆದ್ರೂದಾ? ಹೋದ ವರ್ಷ ನಮ್ಮ ಸಂಗ್ತಿಗೆ ಬಂದಾಗ ಅದೇ ಧಕ್ಕೆ ಮೇಲೆ ಕೂತ್ಕಂಡು ಎರಡು ಕುಡ್ದು, ಮೇಲಿಂದ ಭಜಿ ತಿಂದು, ಉಪ್ಪು ಸಾಲದು ಅಂತ ಆ ಫ್ರಾಕಿನ ಹೆಂಗಸಿನ ಸಂಗ್ತಿಗೆ ಜಗಳ ಬೇರೆ ಮಾಡಿದ್ರು ನಿಮ್ಮ ಅತ್ತೆ. ಅವ್ರಿಗೆ ಆ ಊರು ಈ ಊರು ಅಂತ ಎಂತದೂ ಇಲ್ಲ, ಮಾರಾಯ್ತಿ."

ಮೊದಲು ಫೋನು ತೆಗೆ ಎಂದ ಮಾಯಿಯ ಗಟ್ಟಿ ದನಿ ನನ್ನ ಕಿವಿಯಲ್ಲಿ ಇನ್ನೊಮ್ಮೆ ಕೇಳಿತು.